ವೆಸ್ಟರ್ನ್ ಬ್ಲಾಟ್‌ನಲ್ಲಿ ಜಿಎಲ್‌ಟಿ-1 ಆಂಟಿಬಾಡಿ ಎರಡು ಪಟ್ಟಿ ತೋರಿಸುವುದೇಕೆ?

ವೆಸ್ಟರ್ನ್ ಬ್ಲಾಟ್ ಎಂದರೆ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಬೇಕಾದದ್ದನ್ನು ಅದಕ್ಕೆ ಅಂಟುವ ಆಂಟಿಬಾಡಿಯಿಂದ ಪಟ್ಟಿಯಾಗಿ ಗುರುತಿಸುವ ಪರೀಕ್ಷೆ. ಸಾಮಾನ್ಯವಾಗಿ ಎರಡೂ ಪಟ್ಟಿಗಳು ಒಂದೇ ಪ್ರೋಟೀನ್. ಆಂಟಿಬಾಡಿ ಕೆಟ್ಟಿದೆ ಎಂದು ಎಸೆಯಬೇಡಿ. ಮಿದುಳಿನಲ್ಲಿ ನರಕೋಶಗಳಿಗೆ ನೆರವಾಗುವ ಆಸ್ಟ್ರೋಸೈಟ್ ಕೋಶಗಳ ಪೊರೆಯಲ್ಲಿದ್ದು, ನರಸಂದೇಶ ಸಾಗಿಸುವ ರಾಸಾಯನಿಕವಾದ ಗ್ಲುಟಮೇಟನ್ನು ಒಳಗೆಳೆದುಕೊಳ್ಳುವ ಜಿಎಲ್‌ಟಿ-1, ಮೂರು ಪ್ರತಿಗಳು ಕೂಡಿದ ಗುಂಪಾಗಿರುತ್ತದೆ. ಒಂಟಿ ಪ್ರತಿ 65 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಆಸುಪಾಸಿನಲ್ಲಿ ಕಾಣುತ್ತದೆ, ಅಂಟಿಕೊಂಡವು ಅದಕ್ಕಿಂತ ಬಹಳ ಮೇಲೆ.

ಪೊರೆಯೊಳಗೆ ಹುದುಗಿರುವ ಇದರ ಭಾಗಗಳು ನೀರಿಗೆ ಒಗ್ಗುವುದಿಲ್ಲ. ಮಾದರಿಯನ್ನು 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಸಿದರೆ ಅವು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಕೆಲವು ಜೆಲ್‌ನೊಳಗೆ ಇಳಿಯುವುದೇ ಇಲ್ಲ. ಕುದಿಸುವ ಬದಲು 37 ಡಿಗ್ರಿಯಲ್ಲಿ 30 ನಿಮಿಷ ಇಡಿ. ಪ್ರತಿಗಳನ್ನು ಅಂಟಿಸಿಡಬಲ್ಲ ಗಂಧಕದ ಬಂಧ ಬಿಡಿಸುವ ಡಿಟಿಟಿ ಎಂಬ ರಾಸಾಯನಿಕವನ್ನು ಆಗಷ್ಟೇ ಕರಗಿಸಿ ಸೇರಿಸಿ, ಹಳೆಯದು ಕೆಲಸ ಮಾಡದು. ಪ್ರಮಾಣ ಅಳೆಯುವಾಗ ಎರಡೂ ಪಟ್ಟಿಗಳನ್ನು ಕೂಡಿಸಿ.

ಆಂಟಿಬಾಡಿಯ ನಿಜವಾದ ಪರೀಕ್ಷೆ, ಈ ಜೀನ್ ತೆಗೆದುಹಾಕಿದ ಇಲಿಯ ಮಿದುಳು: ಅಲ್ಲಿಯೂ ಅದೇ ಪಟ್ಟಿ ಬಂದರೆ ನಂಬಬೇಡಿ.