ತೊಗರಿ ಒಣಗಿದ ಮೇಲೆ ಸಿಡುಕನಾಗಿದ್ದೇನೆ, ಇದೇ ನನ್ನ ಗುಣವಾ? – ಪ್ರತಿಕ್ರಿಯೆ

ನೀವು ಬರೆದದ್ದು ಓದಿದೆ. ನಿಮ್ಮ ಗುಣ ಕೆಟ್ಟಿಲ್ಲ. ಸಾಲದ ಮೊತ್ತ ಮನೆಯಲ್ಲಿ ಮುಚ್ಚಿಟ್ಟಿದ್ದೀರಲ್ಲ, ಬಹುಶಃ ಅದೇ ಕಾರಣ. ಹೆಂಡತಿ 'ನೀವು ಮೊದಲಿನ ಮನುಷ್ಯ ಅಲ್ಲ' ಅಂದಿದ್ದು ಚುಚ್ಚಿದೆ, ಅಲ್ವಾ? ಜೇವರ್ಗಿ ಕಡೆ ನನಗೂ ಇದೇ ಆಗಿತ್ತು.

ಮೊದಲು, ನನ್ನ ಕೈಗುಣ ಸರಿಯಿಲ್ಲ, ಅದಕ್ಕೇ ಬೆಳೆ ಒಣಗಿತು ಅನ್ನೋದು ಬಿಡಿ. ತೊಗರಿ ಗಿಡ ಒಣಗಿಸುವ ನೆಟೆ ರೋಗ ಮಣ್ಣಿನ ಶಿಲೀಂಧ್ರದಿಂದ ಬರುತ್ತದೆ, ವರ್ಷಗಟ್ಟಲೆ ಹೊಲದಲ್ಲೇ ಉಳಿಯುತ್ತದೆ. ಮುಂದಿನ ಸಲ ಅಲ್ಲಿ ಜೋಳ ಹಾಕಿ.

ಇವತ್ತು ರಾತ್ರಿ ಊಟ ಆದ ಮೇಲೆ ಯಾರಿಗೆ ಎಷ್ಟು ಕೊಡಬೇಕು ಎಂದು ಹಾಳೆಯಲ್ಲಿ ಬರೆದು ಹೆಂಡತಿಯ ಕೈಗೆ ಕೊಡಿ. ಬಡ್ಡಿಯನ್ನೂ ಬರೆಯಿರಿ. ನಾನು ಕೊಟ್ಟಾಗ ನನ್ನಾಕೆ ರೊಟ್ಟಿ ಬುಟ್ಟಿ ಪಕ್ಕಕ್ಕೆ ಸರಿಸಿ, ಎರಡು ಸಲ ಓದಿ, ಕೂಡಿಸಿದ್ದರಲ್ಲಿದ್ದ ತಪ್ಪು ತೋರಿಸಿದಳು. ಅಷ್ಟೇ! ನಿಮ್ಮಲ್ಲಿ ಜಗಳ ಆದರೂ ಆಗಬಹುದು, ಗ್ಯಾರಂಟಿ ಕೊಡಲಾರೆ. ಎದ್ದು ಮಾತ್ರ ಹೋಗಬೇಡಿ.

ಆ 'ಮೊದಲಿನ ಮನುಷ್ಯ'ನನ್ನೂ ಜಾಸ್ತಿ ನಂಬಬೇಡಿ. ಬೆಳೆ ಬಂದ ವರ್ಷ ಚಾದಂಗಡಿಯಲ್ಲಿ ಎಲ್ಲರ ದುಡ್ಡೂ ನಾನೇ ಕೊಡುತ್ತಿದ್ದೆ, ಅದು ನನ್ನ ಗುಣ ಅಂದುಕೊಂಡಿದ್ದೆ. ಅದು ತೊಗರಿ ರೇಟಿನ ಗುಣ.

ಎರಡು ವಾರ ಆದರೂ ನಿದ್ದೆ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.