ರಿಪೋರ್ಟ್ ಸರಿ ಇದ್ದರೂ ಮೀನು ಯಾಕೆ ಸತ್ತವು?

ಪೀಣ್ಯದಲ್ಲಿ ಸಣ್ಣದೊಂದು ಪ್ಲೇಟಿಂಗ್ ಘಟಕ (ವಸ್ತುಗಳಿಗೆ ಲೋಹದ ಲೇಪ ಹಾಕುವ ಕಾರ್ಖಾನೆ) ನಡೆಸುವ ಓದುಗರು ಬರೆದಿದ್ದಾರೆ: ‘ಶುದ್ಧೀಕರಿಸಿದ ನೀರನ್ನು ಲ್ಯಾಬಿಗೆ ಕಳಿಸಿದ್ದೆ. ತಾಮ್ರ, ನಿಕ್ಕಲ್, ಸತು ಎಲ್ಲಾ ಮಿತಿಯೊಳಗಿವೆ. ಆದರೆ ಅದೇ ನೀರಿಗೆ ಬಿಟ್ಟ ಮೀನುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸತ್ತವಂತೆ. ಯಾವುದನ್ನು ನಂಬಲಿ? ಮೀನು ಬಿಟ್ಟು ನೋಡೋದು ಹಳೇ ಕಾಲದ್ದಲ್ವಾ?’

ಎರಡನ್ನೂ ನಂಬಿ. ಯಂತ್ರ ಹೇಳಿದ್ದು ಲೋಹ ಎಷ್ಟಿದೆ ಅಂತ. ಮೀನು ಹೇಳಿದ್ದು ಆ ನೀರಿನಲ್ಲಿ ಬದುಕಲು ಆಗುತ್ತದೋ ಇಲ್ಲವೋ ಅಂತ. ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡ ಎರಡನ್ನೂ ಕೇಳುತ್ತದೆ. ಬೇರೆ ನೀರು ಬೆರೆಸದ ತ್ಯಾಜ್ಯದಲ್ಲಿ 96 ಗಂಟೆ ಕಳೆದ ಮೇಲೂ ಶೇ 90ರಷ್ಟು ಮೀನು ಬದುಕಿರಬೇಕು.

ತಾಮ್ರವನ್ನೇ ನೋಡಿ. ಕೆರೆ, ಹೊಳೆಗೆ ಬಿಡುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 3 ಮಿಲಿಗ್ರಾಂ. ಆದರೆ ಕ್ಯಾಲ್ಸಿಯಂನಂಥ ಲವಣ ಕಡಿಮೆ ಇರುವ ಮೆದು ನೀರಿನಲ್ಲಿ 0.1 ಮಿಲಿಗ್ರಾಂಗಿಂತ ಕಡಿಮೆ ತಾಮ್ರವೂ ಡ್ಯಾಫ್ನಿಯಾ ಎಂಬ ನೀರುಚಿಗಟದ ಮರಿಗಳನ್ನು 48 ಗಂಟೆಯೊಳಗೆ ಈಜದಂತೆ ಮಾಡಬಲ್ಲದು. ಮೀನು ಕಿವಿರಿನ ಮೂಲಕ ನೀರಿನಿಂದ ಸೋಡಿಯಂ ಹೀರಿಕೊಳ್ಳುತ್ತದೆ. ತಾಮ್ರ ಆ ದಾರಿ ಮುಚ್ಚುತ್ತದೆ, ಮೈಯೊಳಗಿನ ಉಪ್ಪು ಸೋರಿಹೋಗುತ್ತದೆ. ಸತು, ಕ್ಯಾಡ್ಮಿಯಂ ಕ್ಯಾಲ್ಸಿಯಂನ ದಾರಿಗೆ ಅಡ್ಡ ಬರುತ್ತವೆ.

ಹಾಗಿದ್ದರೂ ಎಲ್ಲ ತಾಮ್ರವೂ ಕೊಲ್ಲುವುದಿಲ್ಲ. ಒಂದಷ್ಟು ಕೊಳೆತ ಎಲೆ, ಮಣ್ಣಿನ ಅಂಶಕ್ಕೆ ಅಂಟಿಕೊಂಡಿರುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಕಿವಿರಿನ ಜಾಗ ಹಿಡಿದು ಮೀನನ್ನು ಸ್ವಲ್ಪ ಕಾಪಾಡುತ್ತದೆ. ಆದ್ದರಿಂದ ರಿಪೋರ್ಟಿನಲ್ಲಿ ಒಂದೇ ಅಂಕಿ ಇರುವ ಎರಡು ನೀರಿನಲ್ಲಿ ಒಂದರಲ್ಲಿ ಮೀನು ಸಾಯಬಹುದು, ಇನ್ನೊಂದರಲ್ಲಿ ಆಡಿಕೊಂಡಿರಬಹುದು. ಅಲ್ಲದೆ ಲ್ಯಾಬು ಮೂರು ಲೋಹಗಳನ್ನು ಮೂರು ಸಾಲಿನಲ್ಲಿ ಬರೆಯುತ್ತದೆ. ಮೀನಿಗೆ ಮೂರೂ ಒಟ್ಟಿಗೇ ತಾಗುತ್ತವೆ.

ಆದರೆ ನಿಮ್ಮದು ಪ್ಲೇಟಿಂಗ್ ಘಟಕ. ಲೋಹಕ್ಕಿಂತ ಮೊದಲು ನನಗೆ ಕ್ಲೋರಿನ್ ಮೇಲೆ ಅನುಮಾನ. ಪ್ಲೇಟಿಂಗ್ ದ್ರಾವಣದಿಂದ ಬರುವ ವಿಷ ಸಯನೈಡನ್ನು ಮುರಿಯಲು ಹೈಪೋಕ್ಲೋರೈಟ್ ಎಂಬ ಕ್ಲೋರಿನ್ ರಾಸಾಯನಿಕ ಹಾಕುತ್ತೀರಾ? ಉಳಿಕೆ ಕ್ಲೋರಿನ್‌ಗೆ ಲೀಟರಿಗೆ 1 ಮಿಲಿಗ್ರಾಂವರೆಗೆ ಅವಕಾಶ ಇದೆ, ಮೀನು ಸಾಯಲು ಅಷ್ಟೂ ಬೇಡ. ಹೀಗೆ ಮಾಡಿಸಿ: ಅದೇ ನೀರಿನ ಒಂದು ಪಾಲಿಗೆ ಕ್ಲೋರಿನ್ ಅಳಿಸುವ ಸೋಡಿಯಂ ಥಯೋಸಲ್ಫೇಟ್, ಇನ್ನೊಂದಕ್ಕೆ ಲೋಹವನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕ ಹಾಕಿ ಪರೀಕ್ಷೆ ಮಾಡಲು ಹೇಳಿ. ಮೊದಲನೆಯದರಲ್ಲಿ ಮಾತ್ರ ಜೀವಿಗಳು ಬದುಕಿದರೆ ಕ್ಲೋರಿನ್ ಕಡೆ ನೋಡಿ. ಇಡಿಟಿಎ ಹಾಕಿದ್ದರಲ್ಲಿ ಬದುಕಿದರೆ ತಾಮ್ರ, ಸತು, ನಿಕ್ಕಲ್‌ನಂಥ ಲೋಹದ ಕಡೆ ನೋಡಿ. ಆರು ವೇಲೆನ್ಸಿಯ ಕ್ರೋಮಿಯಂ (ಕ್ರೋಮ್ ಪ್ಲೇಟಿಂಗ್‌ನಲ್ಲಿ ಬಳಸುವ ವಿಷಕಾರಿ ರೂಪ) ಮಾತ್ರ ಇಡಿಟಿಎಗೆ ಸಿಕ್ಕುವುದಿಲ್ಲ, ಅದನ್ನು ಬೇರೆಯಾಗಿ ಅಳೆಸಿ.

ಈ ಹುಡುಕಾಟಕ್ಕೆ ಮೀನಿಗಿಂತ ಡ್ಯಾಫ್ನಿಯಾ ವಾಸಿ. ಹುಟ್ಟಿ 24 ಗಂಟೆ ಆಗದ ಮರಿಗಳನ್ನು ಬಳಸುತ್ತಾರೆ. ಗಂಡಿಲ್ಲದೆ ಹುಟ್ಟುವುದರಿಂದ ಎಲ್ಲ ಮರಿಗಳೂ ಒಂದೇ ಥರ, ನೀರೂ ಸ್ವಲ್ಪ ಸಾಕು. ಎರಡು ದಿನದಲ್ಲಿ ಫಲಿತಾಂಶ ಕೈಗೆ ಬರುತ್ತದೆ.

ಪೀಣ್ಯದ ಕಡೆಯ ನೀರು ವೃಷಭಾವತಿ ನದಿ ಸೇರಿ ಬೈರಮಂಗಲ ಕೆರೆಯತ್ತ ಹೋಗುತ್ತದೆ. ಅಲ್ಲಿ ರೈತರು ಅದನ್ನೇ ಹೊಲಕ್ಕೆ ಹಾಯಿಸುತ್ತಾರೆ. ಸತ್ತ ಮೀನಿನ ಫಲಿತಾಂಶವನ್ನು ದಯವಿಟ್ಟು ಫೈಲಿನಲ್ಲಿ ಮುಚ್ಚಿಡಬೇಡಿ. ಮುಂದಿನ ಸಲ ಎರಡು ಬಾಟಲಿ ಕಳಿಸಿ. ಲೋಹ ಅಳೆಯುವ ಬಾಟಲಿಗೆ ನೈಟ್ರಿಕ್ ಆಮ್ಲ ಹಾಕುತ್ತಾರೆ. ಜೀವಿಗಳಿಗೆ ಹೋಗುವ ಬಾಟಲಿಗೆ ಏನೂ ಹಾಕಬಾರದು, ಐಸಿನಲ್ಲಿಟ್ಟು ಬೇಗ ತಲುಪಿಸಬೇಕು.