ಪ್ರತಿಕ್ರಿಯೆ: ಡಿಕ್ಕಿ ಹೊಡೆದ ಹುಡುಗನನ್ನು ಮತ್ತೆ ಆಡಿಸಬಹುದೇ?

ಹಾಕಿ ಪಂದ್ಯದಲ್ಲಿ ಡಿಕ್ಕಿಯಾಗಿ ಪೆಟ್ಟು ತಿಂದ ಹುಡುಗನನ್ನು ಮತ್ತೆ ಆಡಿಸಬಹುದೇ ಎಂದು ಅಂಪೈರ್ ಆಗಿ ಕೇಳಿದ್ದೀರಿ. ಡಿಕ್ಕಿಯ ನಂತರ ಅವನು ಸ್ಕೋರ್ ಎಷ್ಟೆಂದು ಎರಡು ಸಲ ಕೇಳಿದ, ತನ್ನದೇ ಗೋಲಿನತ್ತ ಚೆಂಡು ಒಯ್ದ ಎಂದಿದ್ದೀರಿ. ಇದು ಕನ್‌ಕಷನ್ (ಪೆಟ್ಟಿನಿಂದ ಮಿದುಳಿನ ಕೆಲಸ ಸ್ವಲ್ಪ ಕಾಲ ಏರುಪೇರಾಗುವುದು) ಆಗಿರುವ ಸಾಧ್ಯತೆಯೇ ಹೆಚ್ಚು. ಅದಕ್ಕೆ ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಖಚಿತವಾಗಿ ಹೇಳಬೇಕಾದವರು ವೈದ್ಯರು. ಆಟಗಾರನನ್ನು ಹೊರಗೆ ಕಳಿಸಲು ಅಂಪೈರ್‌ಗೆ ಅನುಮಾನ ಬಂದರೆ ಸಾಕು.

ಇಂಥದ್ದಾದಾಗ ಮೊದಲು ಶಿಳ್ಳೆ ಊದಿ ಸಮಯ ನಿಲ್ಲಿಸಿ. ಕುತ್ತಿಗೆ ನೋವು ಎಂದರೆ ಅಲುಗಾಡಿಸಬೇಡಿ. ಇಲ್ಲವಾದರೆ ಹೊರಗೆ ಕರೆತನ್ನಿ, ಆ ದಿನ ಮತ್ತೆ ಇಳಿಸಲೇಬೇಡಿ. ಕೊಡಗಿನ ಹಾಕಿ ಮೈದಾನದಲ್ಲಿ ಅರ್ಧ ಒಕ್ಕವೇ (ಕೊಡವರ ಕುಲ-ಕುಟುಂಬ) ಗ್ಯಾಲರಿಯಲ್ಲಿರುತ್ತದೆ. ‘ಏನೂ ಆಗಿಲ್ಲ, ಆಡಲಿ’ ಎಂದು ಹಿರಿಯರೇ ಕೂಗುತ್ತಾರೆ. ವಾದಕ್ಕೆ ನಿಲ್ಲಬೇಡಿ, ಆಟ ಮುಂದುವರಿಸಿ.

ಹುಡುಗನನ್ನು ಒಂಟಿಯಾಗಿ ಬಿಡದಂತೆ ತಂಡದವರಿಗೆ ಹೇಳಿ. ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಮಂಪರು, ಸೆಳೆತ ಕಂಡರೆ 108ಕ್ಕೆ ಕರೆ ಮಾಡಿಸಿ. ಪೆಟ್ಟು ಬಿದ್ದ ಸಮಯ, ನೀವು ಕಂಡ ಲಕ್ಷಣಗಳನ್ನು ಚೀಟಿಯಲ್ಲಿ ಬರೆದು ಹೆತ್ತವರಿಗೆ ಕೊಡಿ. ಮುಂದಿನ ಪಂದ್ಯಕ್ಕೆ ವೈದ್ಯರ ಒಪ್ಪಿಗೆ ತರಲಿ.